ಶಿವನಿಯ ಕಲ್ಲಮ್ಮನ ತಗಾದೆಗಳು

ಲಕ್ಕವಳ್ಳಿ
12 ಜನವರಿ 2025, ಭಾನುವಾರ

ಶಿವನಿಯ ಶ್ರೀಮತಿ ಕಲ್ಲಮ್ಮನವರಿಗೆ, ತೀರ್ಥೇಶ್ ಮಾಡುವ ನಮಸ್ಕಾರಗಳು.

ನಿಮಗೆ ನಾನು ಯಾರೆಂದು ಗೊತ್ತಿಲ್ಲ. ನನಗೆ ಮಾತ್ರ ನಿಮ್ಮ ಪರಿಚಯ ಇಪ್ಪತ್ತಾರು ವರ್ಷದ್ದು. ಇಲ್ಲಿ ಅಣೆಕಟ್ಟಿನ ಗೇಟಿನ ಕೆಲಸದಲ್ಲಿದ್ದೇನೆ. ಭಾನುವಾರ ಬೆಳಿಗ್ಗೆ ಒಂಬತ್ತೂಕಾಲಕ್ಕೆ ರೇಡಿಯೋದಲ್ಲಿ ‘ತಗಾದೆ ಕಟ್ಟೆ’ ಶುರುವಾದರೆ ಅರ್ಧ ಗಂಟೆ ನನ್ನನ್ನು ಯಾರೂ ಮಾತಾಡಿಸುವಂತಿಲ್ಲ. ಆಫೀಸಿನ ಹೊಸ ಹುಡುಗರು ಅದರಲ್ಲಿ ಅಂಥದ್ದೇನಿದೆ ಸಾರ್ ಎಂದು ಕೇಳುತ್ತಾರೆ. ಜನ ತಮ್ಮ ಮನೆಯ ಜಗಳವನ್ನು ಕಾರ್ಡಿನಲ್ಲಿ ಬರೆದು ಕಳಿಸುತ್ತಾರೆ, ನಾಲ್ವರು ಕೂತು ಇಬ್ಬರು ಆ ಕಡೆ ಇಬ್ಬರು ಈ ಕಡೆ ವಾದ ಮಾಡುತ್ತಾರೆ, ಕೊನೆಗೆ ವಿಶ್ವಾರಾಧ್ಯ ಅನ್ನುವ ಹಿರಿಯರು ಒಂದು ಸಲ ಕೆಮ್ಮಿ ತೀರ್ಪು ಕೊಡುತ್ತಾರೆ ಎಂದು ಹೇಳಿದರೆ, ಅಷ್ಟೇನಾ ಅನ್ನುತ್ತಾರೆ. ಅಷ್ಟೇ. ಕೇಳದವರಿಗೆ ಹೇಳಿ ಪ್ರಯೋಜನವಿಲ್ಲ ಎಂದು ಸುಮ್ಮನಾಗುತ್ತೇನೆ.

ಕಾರ್ಡುಗಳಲ್ಲಿ ನಿಮ್ಮದೇ ಬೇರೆ. ‘ಶಿವನಿಯಿಂದ ಕಲ್ಲಮ್ಮ’ ಎಂದು ಅವರು ಓದಿದ ಕೂಡಲೇ ನನ್ನ ಹೆಂಡತಿ ನಯನ ಒಲೆಯ ಉರಿ ಸಣ್ಣ ಮಾಡಿ ಬಂದು ಬಾಗಿಲಲ್ಲಿ ನಿಲ್ಲುತ್ತಾಳೆ. ಗಿರಣಿಯ ಸದ್ದಿಗೆ ಹೆಂಡತಿಯ ಮಾತು ಕೇಳಿಸಲಿಲ್ಲ ಎನ್ನುವ ಗಂಡನಿಗೆ, ಅದೇ ಗಿರಣಿ ಓಡುತ್ತಿರುವಾಗ ಹಿತ್ತಲ ಒಲೆಯಲ್ಲಿ ಕಡುಬು ಬೆಂದದ್ದು ಹೇಗೆ ಕೇಳಿಸುತ್ತದೆ ಎಂದು ಬರೆದಿದ್ದಿರಲ್ಲ, ಅವತ್ತು ನಾವಿಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ನನ್ನ ಅಪ್ಪ ತೀರಿಕೊಂಡು ಮೂರು ವಾರವಾಗಿತ್ತು. ಮನೆಯಲ್ಲಿ ನಗು ಮತ್ತೆ ಬಂದದ್ದು ಅವತ್ತೇ. ಅದಕ್ಕೆ ಎಂದಾದರೂ ನಿಮಗೆ ಧನ್ಯವಾದ ಹೇಳಬೇಕೆಂದಿದ್ದೆ, ಇಷ್ಟು ವರ್ಷ ಸೋಮಾರಿತನ ಮಾಡಿದೆ.

ಅಕ್ಟೋಬರ್‌ನಿಂದ ನಿಮ್ಮ ಕಾರ್ಡು ಬಂದಿಲ್ಲ. ಆರೋಗ್ಯ ಹೇಗಿದೆ? ವಿಳಾಸ ಗೊತ್ತಿಲ್ಲ. ಸ್ಟೇಷನ್ ಇರುವ ಊರು, ಪೋಸ್ಟ್‌ಮ್ಯಾನ್‌ಗೆ ನಿಮ್ಮ ಹೆಸರು ಗೊತ್ತಿಲ್ಲದೆ ಇರುವುದಿಲ್ಲ ಎಂಬ ಧೈರ್ಯದಲ್ಲಿ ಹಾಕುತ್ತಿದ್ದೇನೆ. ಫೋನ್ ನಂಬರ್ ಕೆಳಗಿದೆ.

ನಿಮ್ಮ ಹಳೆಯ ಅಭಿಮಾನಿ,
ತೀರ್ಥೇಶ್

*

ಶಿವನಿ
27 ಜನವರಿ 2025

ತೀರ್ಥೇಶಪ್ಪನವರಿಗೆ ಶರಣು.

ನಿಮ್ಮ ಕಾಗದ ತಲುಪಿತು. ಪೋಸ್ಟ್‌ಮ್ಯಾನ್ ಓಣಿಗೆಲ್ಲ ಕೇಳುವಂತೆ, “ಕಲ್ಲಕ್ಕ, ಲಕ್ಕವಳ್ಳಿಯಿಂದ ಅಭಿಮಾನಿ ಬರ್ದವ್ನೆ ಕಣಕ್ಕೋ” ಎಂದು ಕೂಗಿ ಕೊಟ್ಟು ಹೋದ. ಗೊತ್ತಿಲ್ಲದವರ ಜೊತೆ ಫೋನಿನಲ್ಲಿ ಮಾತಾಡಿ ನನಗೆ ಅಭ್ಯಾಸವಿಲ್ಲ. ಏಳನೇ ಕ್ಲಾಸಿನವರೆಗೆ ಓದಿದ್ದೇನೆ, ಬರೆಯುವುದು ಬರುತ್ತದೆ.

ನೇರ ಹೇಳಿಬಿಡುತ್ತೇನೆ. ಆ ಕಾರ್ಡುಗಳಲ್ಲಿ ಒಂದನ್ನೂ ನಾನು ಬರೆದಿಲ್ಲ. ಎಲ್ಲ ನಮ್ಮ ಮನೆಯವರು ಬರೆದದ್ದು. ನಮ್ಮದು ಸ್ಟೇಷನ್ ರಸ್ತೆಯಲ್ಲಿ ಹಿಟ್ಟಿನ ಗಿರಣಿ. ಭಾನುವಾರ ಒಂಬತ್ತೂಕಾಲಕ್ಕೆ ಅವರು ಗಿರಣಿ ನಿಲ್ಲಿಸಿ ರೇಡಿಯೋ ಹಾಕುತ್ತಿದ್ದರು. ರಾಗಿ ತಂದವರು ಅರ್ಧ ಗಂಟೆ ಕಾಯಬೇಕು. ಮೊದಮೊದಲು ತಮ್ಮ ಹೆಸರಿನಲ್ಲೇ ಬರೆದು ಕಳಿಸಿದರಂತೆ, ಯಾರೂ ಓದಲಿಲ್ಲ. ನನ್ನ ಹೆಸರು ಹಾಕಿದ ಮೊದಲ ಕಾರ್ಡೇ ಓದಿಬಿಟ್ಟರು. ಅಲ್ಲಿಂದ ಅದೇ ರೂಢಿಯಾಯಿತು.

ಊರಿನವರು ನೀರಿಗೆ ಹೋದಲ್ಲಿ ಬಂದಲ್ಲಿ, “ಏನ್ ಕಲ್ಲಕ್ಕ, ನಿನ್ನೆ ಗಂಡನ ಮಾನ ಮೂರ್ಕಾಸಿಗೆ ಹರಾಜು ಹಾಕ್ಬಿಟ್ಟೆ” ಎಂದು ಆಡಿಕೊಳ್ಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನನ್ನು ಜಗಳಗಂಟಿ ಮಾಡಿ ನಾಲ್ಕು ಜನರ ಮುಂದೆ ನಗಿಸುತ್ತಾರೆ ಎಂದು ಜಗಳವಾಡಿದೆ. ಬಿಡಲಿಲ್ಲ. ಹಾಗಾಗಿ ಆ ಕಾರ್ಯಕ್ರಮ ಶುರುವಾದರೆ ಪಾತ್ರೆ ಎತ್ತಿಕೊಂಡು ಹಿತ್ತಲಿಗೆ ಹೋಗಿಬಿಡುತ್ತಿದ್ದೆ. ಇಪ್ಪತ್ತಾರು ವರ್ಷದಲ್ಲಿ ಒಂದು ಸಲವೂ ಕೇಳಿಲ್ಲ. ಕಡುಬಿನ ವಿಷಯ ಬರೆದಿದ್ದರೆಂದು ನಿಮ್ಮ ಕಾಗದದಿಂದಲೇ ಗೊತ್ತಾಗಿದ್ದು.

ಹೋದ ಅಕ್ಟೋಬರ್‌ನಲ್ಲಿ ಅವರು ಹೋಗಿಬಿಟ್ಟರು. ಎದೆನೋವು ಅಂದರು, ತರೀಕೆರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಇನ್ನು ಕಾರ್ಡು ಬರುವುದಿಲ್ಲ. ನಿಮಗೆ ಮೋಸವಾಯಿತು ಅನ್ನಿಸಿದರೆ ದೊಡ್ಡ ಮನಸ್ಸು ಮಾಡಿ. ಧನ್ಯವಾದ ಸಲ್ಲಬೇಕಾದವರು ನಾನಲ್ಲ.

ಕಲ್ಲಮ್ಮ

*

ಲಕ್ಕವಳ್ಳಿ
9 ಫೆಬ್ರವರಿ 2025

ಕಲ್ಲಮ್ಮಕ್ಕನವರಿಗೆ ನಮಸ್ಕಾರ.

ಯಜಮಾನರ ಸುದ್ದಿ ಓದಿ ತುಂಬಾ ಸಂಕಟವಾಯಿತು. ನೋಡದ ಮನುಷ್ಯನಿಗಾಗಿ ಕಣ್ಣೀರು ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಸುಳ್ಳು ಹೇಳುವುದಿಲ್ಲ, ಎರಡು ದಿನ ಮೋಸಹೋದೆ ಎಂದೂ ಅನ್ನಿಸಿತು. ಮುಖ ಊದಿಸಿಕೊಂಡು ಕೂತಿದ್ದೆ. ನಯನ ನೋಡಿ ನೋಡಿ, “ನೀವೇನ್ ಭಾರಿ ಸತ್ಯವಂತ್ರು? ಅತ್ತೆ ಹೆಸರಲ್ಲಿ ನನ್ ಹೆಸರಲ್ಲಿ ಕಾರ್ಡ್ ಬರೆಯೋರು ಯಾರು?” ಎಂದಳು. ಅದು ನಿಜ. ಒಂದು ಊರಿನಿಂದ ಒಂದು ಹೆಸರಿಗೆ ತಿಂಗಳಿಗೆ ಒಂದೇ ಕಾರ್ಡು ಎಂದು ರೇಡಿಯೋದವರ ನಿಯಮ. ಹಾಗಾಗಿ ನಾವು ಕಟ್ಟೆಯ ಅಭಿಮಾನಿಗಳೆಲ್ಲ ಮನೆಮಂದಿಯ ಹೆಸರನ್ನು ಒಬ್ಬರಾದ ಮೇಲೆ ಒಬ್ಬರಂತೆ ಬಳಸಿಕೊಳ್ಳುತ್ತೇವೆ. ಓದುಬರಹ ಬಾರದ ನಮ್ಮ ಅವ್ವ ಕೆಂಚಮ್ಮ, ರೇಡಿಯೋ ಪ್ರಕಾರ ಸೊಸೆಯ ಮೇಲೆ ಒಂಬತ್ತು ತಗಾದೆ ಹೂಡಿದ್ದಾಳೆ. ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುವಷ್ಟು ಅನ್ಯೋನ್ಯ.

ಆದರೆ ಅಕ್ಕ, ನಾವೆಲ್ಲ ಹೆಂಡತಿ ಹೆಸರಲ್ಲಿ ಬರೆಯುವಾಗ ಕೊನೆಗೆ ಗೆಲ್ಲುವುದು ನಾವೇ ಆಗುವಂತೆ ಬರೆಯುತ್ತೇವೆ. ನಿಮ್ಮ ಯಜಮಾನರು ಹಾಗೆ ಮಾಡಿಲ್ಲ. ನಾನು ಪ್ರತಿ ವಾರ ರೇಡಿಯೋದವರು ಓದಿದ ಕಾರ್ಡು, ಕೊಟ್ಟ ತೀರ್ಪು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ನಯನ ಇದಕ್ಕೆ ಹುಚ್ಚು ಎನ್ನುತ್ತಾಳೆ. ಮೊನ್ನೆ ಕೂತು ತಿರುವಿ ನೋಡಿದೆ. ಶಿವನಿಯ ಕಲ್ಲಮ್ಮ ಒಂದು ಸಲವೂ ಸೋತಿಲ್ಲ. ಪ್ರತಿ ಸಲವೂ ತಪ್ಪು ಗಂಡನದೇ.

ಕೆಲವನ್ನು ನಕಲು ಮಾಡಿ ಇದರ ಜೊತೆ ಇಟ್ಟಿದ್ದೇನೆ. ಓದಿ ಬೇಜಾರಾದರೆ ಒಲೆಗೆ ಹಾಕಿ.

ನಿಮ್ಮ ತಮ್ಮನಂಥವನು,
ತೀರ್ಥೇಶ್

*

ಶಿವನಿ
20 ಏಪ್ರಿಲ್ 2025

ತೀರ್ಥೇಶಪ್ಪನವರಿಗೆ,

ಉತ್ತರ ತಡವಾಯಿತು. ನಿಮ್ಮ ಲಕೋಟೆಯನ್ನು ಒಂದು ತಿಂಗಳು ಹಾಗೇ ಅಕ್ಕಿ ಡಬ್ಬದ ಮೇಲೆ ಇಟ್ಟಿದ್ದೆ. ಆಮೇಲೆ ಒಂದು ಮಧ್ಯಾಹ್ನ ಓದಿದೆ. ಮಾರನೆಯ ದಿನ ಮತ್ತೆ ಓದಿದೆ.

ಇವೆಲ್ಲ ನನ್ನ ಮಾತುಗಳಪ್ಪ. ಒಂದೊಂದು ಕಾರ್ಡೂ ನಾನು ಯಾವತ್ತೋ ಅಡುಗೆಮನೆಯಲ್ಲಿ ನಿಂತು ಅವರಿಗೆ ಅಂದದ್ದೇ. ಸಂತೆಗೆ ಕಳಿಸಿದರೆ ಹೇಳಿದ್ದನ್ನು ಬಿಟ್ಟು ಕುಂಬಳಕಾಯಿ ತರುವುದು, ಮನೆಯಲ್ಲಿ ಆಗಲೇ ಒಂದಿದೆ ಎಂದರೆ ಅದು ಒಂಟಿಯಾಗಿತ್ತಲ್ಲ ಎನ್ನುವುದು. ಜ್ವರ ಬಂದು ಮಲಗಿದ್ದಾಗ ಅನ್ನ ಮಾಡಲು ಹೋಗಿ ಗಂಜಿ ಮಾಡಿ, ಜ್ವರದವಳಿಗೆ ಒಳ್ಳೆಯದೆಂದು ಬೇಕಂತಲೇ ಮಾಡಿದೆ ಎಂದದ್ದು. ನಾನು ಬೈದರೆ ಅವರು ಒಂದು ಮಾತೂ ಆಡದೆ ಗಿರಣಿಗೆ ಹೋಗಿಬಿಡುತ್ತಿದ್ದರು. ಕಿವಿಗೇ ಹಾಕಿಕೊಳ್ಳಲಿಲ್ಲ ಎಂದುಕೊಳ್ಳುತ್ತಿದ್ದೆ. ಹೋಗಿ ಬರೆದಿಡುತ್ತಿದ್ದರು.

ಒಂದು ಕಾರ್ಡಿನ ಬಗ್ಗೆ ಹೇಳಬೇಕು. ‘ಹೆಂಡತಿಯ ತವರಿಗೆ ಹೊರಡಬೇಕಾದ ದಿನವೇ ಗಂಡನ ಗಿರಣಿಯ ಬೆಲ್ಟು ಏಕೆ ಕಿತ್ತುಹೋಗುತ್ತದೆ?’ ಇದಕ್ಕೆ ನಾಲ್ವರೂ ಬಹಳ ನಗಿಸಿದರೆಂದು ನೀವು ಪಕ್ಕದಲ್ಲಿ ಬರೆದಿದ್ದೀರಿ. ನನ್ನ ತವರು ಹಿರೇನಲ್ಲೂರು. ಅವತ್ತು ಅಲ್ಲಿ ಹಬ್ಬವಿರಲಿಲ್ಲ, ನಮ್ಮ ಅವ್ವ ತೀರಿಕೊಂಡಿದ್ದಳು. ನಾನು ಮುಂದೆ ಹೋದೆ. ಬೆಲ್ಟು ಹಾಕಿಸಿ, ಕಾದು ಕೂತವರ ಹಿಟ್ಟು ಬೀಸಿಕೊಟ್ಟು ಇವರು ಬರುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಅಳಿಯನಿಗಾಗಿ ಎಲ್ಲರೂ ಎರಡು ಗಂಟೆ ಕಾದಿದ್ದರು. ಮೂರು ತಿಂಗಳು ನಾನು ಅವರ ಜೊತೆ ಮಾತಾಡಲಿಲ್ಲ. ಆಮೇಲೆ ಮಾತಾಡಿದರೂ ಅದನ್ನು ಮರೆಯಲಿಲ್ಲ. ಒಂದು ಸಲ ತಪ್ಪಾಯಿತು ಅಂದಿದ್ದರೆ ಸಾಕಾಗಿತ್ತು, ಅನ್ನಲಿಲ್ಲ ಎಂದು ಹದಿನಾರು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ.

ನಿಮ್ಮ ನೋಟ್‌ಬುಕ್ಕಿನಲ್ಲಿ ತೀರ್ಪು ಇದೆ. ‘ಬೆಲ್ಟು ಹರಿದರೆ ಹರಿಯಲಿ, ಗಂಡ ಬಸ್ಸು ಹತ್ತಬೇಕಾಗಿತ್ತು. ತಪ್ಪು ಗಂಡನದೇ, ಹೆಂಡತಿಯ ಕ್ಷಮೆ ಕೇಳತಕ್ಕದ್ದು.’ ಅವರು ಅವತ್ತು ಗಿರಣಿ ನಿಲ್ಲಿಸಿ, ಹತ್ತು ಜನರ ಮುಂದೆ ಕೂತು ಇದನ್ನು ಕೇಳಿದ್ದಾರೆ. ರೇಡಿಯೋದ ಸದ್ದು ಜಾಸ್ತಿ ಮಾಡಿಯೂ ಇರಬೇಕು, ಭಾನುವಾರ ಅದೊಂದು ಅಭ್ಯಾಸವಿತ್ತು. ನಾನು ಹಿತ್ತಲಿನಲ್ಲಿ ಪಾತ್ರೆ ತಿಕ್ಕುತ್ತಿದ್ದೆ.

ತೀರ್ಥೇಶಪ್ಪ, ನೀವು ಬರೆದಿಡದೆ ಹೋಗಿದ್ದರೆ ಇದು ನನಗೆ ತಿಳಿಯದೆಯೇ ಹೋಗುತ್ತಿತ್ತು. ನಯನಮ್ಮನಿಗೆ ಹೇಳಿ, ಅದು ಹುಚ್ಚಲ್ಲ. ನಿಮ್ಮ ಕೈಗೆ ಶರಣು.

ಈಗ ಇನ್ನೊಂದು ಸಂಗತಿ. ರೇಡಿಯೋದವರಿಂದ ನನ್ನ ಹೆಸರಿಗೆ ಕಾಗದ ಬಂದಿದೆ. ಜುಲೈ 13ಕ್ಕೆ ಕಡೂರಿನಲ್ಲಿ ಜನರ ಎದುರಿಗೇ ಕಾರ್ಯಕ್ರಮ ಮಾಡುತ್ತಾರಂತೆ, ಶಿವನಿಯ ಕಲ್ಲಮ್ಮ ಬಂದು ವೇದಿಕೆಯ ಮೇಲೆ ಕೂರಬೇಕಂತೆ. ಮೊದಲು ಹರಿದು ಹಾಕೋಣ ಅಂದುಕೊಂಡೆ. ಈಗ ಹೋಗೋಣ ಅನ್ನಿಸುತ್ತಿದೆ. ಇಷ್ಟು ವರ್ಷ ನನ್ನ ಹೆಸರು ಹೇಳಿಸಿದರು, ಅವರ ಹೆಸರು ರೇಡಿಯೋದಲ್ಲಿ ಒಂದು ಸಲವೂ ಬರಲಿಲ್ಲ. ಒಂದೇ ಒಂದು ಸಲ ಬರಬೇಕು. ನನಗೆ ಬೇರೇನೂ ಬೇಡ. ಹೋಗಲೋ ಬೇಡವೋ ಬರೆಯಿರಿ.

ಕಲ್ಲಮ್ಮ

*

ಲಕ್ಕವಳ್ಳಿ
4 ಮೇ 2025

ಅಕ್ಕನವರಿಗೆ ನಮಸ್ಕಾರ.

ಖಂಡಿತ ಹೋಗಿ. ನೀವೇ ಬಾಯಿಬಿಟ್ಟು ಹೇಳದೆ ಬೇರೆ ದಾರಿಯೂ ಇಲ್ಲ. ಕಾಗದ ಬರೆದು ಕೇಳಿಕೊಂಡರೆ ಅವರು ಓದುವುದಿಲ್ಲ. ಕಟ್ಟೆಯಲ್ಲಿ ತಗಾದೆ ಮಾತ್ರ, ಶುಭಾಶಯವೂ ಇಲ್ಲ, ಶ್ರದ್ಧಾಂಜಲಿಯೂ ಇಲ್ಲ. ನಮ್ಮಪ್ಪನ ವಿಷಯ ಬರೆದು ನಾನು ಕಾದದ್ದೇ ಬಂತು.

ಬೆಲ್ಟಿನ ಕಾರ್ಡಿಗೆ ನಾನು ನಕ್ಕಿದ್ದೆ. ಈಗ ಆ ಪುಟ ತೆಗೆಯಲು ಕೈ ಹಿಂಜರಿಯುತ್ತದೆ. ಗೊತ್ತಿಲ್ಲದೆ ನಕ್ಕದ್ದು, ಕ್ಷಮಿಸಿ.

ಜುಲೈನಲ್ಲಿ ಅಣೆಕಟ್ಟಿಗೆ ನೀರು ಏರುತ್ತಿರುತ್ತದೆ, ನಮಗೆ ರಜೆ ಇಲ್ಲ. ಇಲ್ಲದಿದ್ದರೆ ಮುಂದಿನ ಸಾಲಿನಲ್ಲಿ ನಾನೇ ಕೂತಿರುತ್ತಿದ್ದೆ.

ಒಂದು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ನಿಮ್ಮ ಕಾಗದಗಳನ್ನು ಹಿಂದೆ ಮುಂದೆ ಓದಿದೆ. ‘ಅವರು’ ಇದ್ದಾರೆ, ‘ನಮ್ಮ ಮನೆಯವರು’ ಇದ್ದಾರೆ. ಯಜಮಾನರ ಹೆಸರೇನು ಎಂದು ಎಲ್ಲೂ ಇಲ್ಲ.

ತೀರ್ಥೇಶ್

*

ಶಿವನಿ
17 ಜುಲೈ 2025

ತೀರ್ಥೇಶಪ್ಪನವರಿಗೆ,

ಕಡೂರಿಗೆ ಹೋಗಿ ಬಂದೆ. ಹೋದ ಕೆಲಸ ಆಗಲಿಲ್ಲ.

ತರೀಕೆರೆಯಲ್ಲಿ ಟೀಚರಾಗಿರುವ ನನ್ನ ಮಗಳು ತನುಜಾ ಜೊತೆಗಿದ್ದಳು. ಇಲ್ಲಿಂದ ಬೀರೂರಿಗೆ ರೈಲು, ಅಲ್ಲಿಂದ ಬಸ್ಸು. ದಾರಿಯುದ್ದಕ್ಕೂ ಅವಳು ನನ್ನನ್ನು ಮಗುವಿಗೆ ಪಾಠ ಒಪ್ಪಿಸಿಕೊಂಡಂತೆ ಒಪ್ಪಿಸಿಕೊಂಡಳು. ಹೇಳಬೇಕಾದದ್ದು ಮೂರೇ ಮಾತು. ಅವರ ಹೆಸರು, ಕಾರ್ಡು ಬರೆದದ್ದು ಅವರು, ಈಗ ಅವರಿಲ್ಲ. ಕೊನೆಯ ಎರಡು ಸರಾಗವಾಗಿ ಬಂದವು. ಹೆಸರಿಗೆ ಬಂದಾಗ, “ಅಲ್ಲಿಗ್ ಹೋದ್ಮೇಲೆ ಹೇಳ್ತೀನಿ ಬಿಡೇ” ಎನ್ನುತ್ತಾ ಬಂದೆ.

ನಿಮಗೆ ನಗು ಬರಬಹುದು. ನಮ್ಮ ಕಾಲದವರು ಗಂಡನ ಹೆಸರು ಹೇಳುವುದಿಲ್ಲಪ್ಪ. ಮದುವೆಯಲ್ಲಿ ಹೊಸಿಲ ಹತ್ತಿರ ಅಡ್ಡಗಟ್ಟಿ ಹೇಳಿಸಿದಾಗ ಒಡಪು ಕಟ್ಟಿ ಒಂದು ಸಲ ಹೇಳಿದ್ದು. ಆಮೇಲೆ ರೇಷನ್ ಕಾರ್ಡಿನ ಆಫೀಸಿನಲ್ಲೂ ಪಕ್ಕದವರು ಹೇಳಬೇಕು. ನಲವತ್ತೈದು ವರ್ಷ ಹಾಗೇ ಕಳೆಯಿತು.

ಸಭೆ ತುಂಬಿತ್ತು. ನನ್ನ ಹೆಸರು ಕರೆದಾಗ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ನನ್ನದಲ್ಲವಲ್ಲ ಎಂದು ತಲೆ ತಗ್ಗಿಸಿಕೊಂಡೇ ವೇದಿಕೆ ಹತ್ತಿದೆ. ವಿಶ್ವಾರಾಧ್ಯರು ಎದ್ದು ಬಂದು ಕುರ್ಚಿ ಹಾಕಿಕೊಟ್ಟರು. ವಯಸ್ಸಾಗಿದೆ, ಒಳ್ಳೆಯ ಮನುಷ್ಯ. “ಇಷ್ಟ್ ವರ್ಷ ನಮ್ ಕಟ್ಟೆ ನಡೆಸ್ದೋರು ನೀವು ಕಣಮ್ಮ” ಎಂದರು. ನಾನು ಮೈಕ್ ಹಿಡಿದು, “ನಾನಲ್ಲ ಸ್ವಾಮಿ, ನಮ್ಮನೆಯೋರು” ಎಂದೆ. ಅವರು, “ಹೌದಾ, ಯಜಮಾನ್ರ ಹೆಸರೇನಮ್ಮ?” ಎಂದು ಕೇಳಿದರು. ನನಗಾಗಿಯೇ ಕೇಳಿದ ಹಾಗಿತ್ತು.

ಬಾಯಿ ತೆರೆದೆ. ಬರಲಿಲ್ಲ. “ನಮ್ಮನೆಯೋರು” ಎಂದೆ. ಅವರು ಮತ್ತೆ ಕೇಳಿದರು. ಮತ್ತೆ “ನಮ್ಮನೆಯೋರು” ಎಂದೆ. ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ನಾಲ್ವರಲ್ಲಿ ಒಬ್ಬರಿದ್ದಾರಲ್ಲ, ಆನಂದ್, ಅವರು, “ಬಿಡಿ ಸಾರ್, ಅಮ್ಮ ನಾಚ್ಕೊಂಡ್ರು. ಇಷ್ಟ್ ಬೈದ್ರೂ ಹೆಸ್ರಿಗೆ ಮರ್ಯಾದೆ ಕೊಡ್ತಾರೆ ನೋಡಿ” ಎಂದರು. ಮತ್ತೂ ನಕ್ಕರು. ನಾನೂ ಹಲ್ಲು ಬಿಟ್ಟೆ. ಶಾಲು ಹೊದಿಸಿದರು, ಮುಂದಿನವರನ್ನು ಕರೆದರು. ಕೆಳಗೆ ಕೂತಿದ್ದ ತನುಜಾ ಎದ್ದು ನಿಂತು ಏನೋ ಕೂಗಿದಳು, ಆ ಗಲಾಟೆಯಲ್ಲಿ ಯಾರಿಗೆ ಕೇಳಬೇಕು?

ಬಸ್ಸಿನಲ್ಲಿ ಅತ್ತೆ. ಅವರ ಮೇಲೆ ಮಾತಾಡಲು ಎಷ್ಟು ಉದ್ದ ನಾಲಿಗೆ ನನಗೆ. ಅವರಿಗಾಗಿ ಒಂದು ಮಾತು ಬೇಕಾದಾಗ ಕೈಕೊಟ್ಟಿತು.

ಹೆಸರು ಕೇಳಿದ್ದಿರಿ. ಬರೆಯೋಣ ಎಂದು ಈಗ ಕೂತರೆ ಪೆನ್ನೂ ನಿಲ್ಲುತ್ತದೆ. ಅವರು ತೀರಿಕೊಂಡ ಮೇಲೆ ಮಾಡಿದ ಶಿವಗಣಾರಾಧನೆಗೆ ಅಚ್ಚು ಹಾಕಿಸಿದ್ದ ಕಾರ್ಡು ಒಂದು ಉಳಿದಿತ್ತು, ಒಳಗಿಟ್ಟಿದ್ದೇನೆ. ಅದರಲ್ಲಿದೆ.

ಕಲ್ಲಮ್ಮ

*

ಲಕ್ಕವಳ್ಳಿ
30 ಜುಲೈ 2025

ಅಕ್ಕ,

ಷಣ್ಮುಖಪ್ಪನವರು. ಈ ಹೆಸರನ್ನು ಇವತ್ತು ಮನೆಯಲ್ಲಿ ನಾಲ್ಕೈದು ಸಲ ಗಟ್ಟಿಯಾಗಿ ಹೇಳಿದೆ. ನಯನ ಯಾಕೆಂದು ಕೇಳಲಿಲ್ಲ, ಅವಳೂ ಒಂದು ಸಲ ಹೇಳಿದಳು.

ನಿಮ್ಮ ನಾಲಿಗೆಯನ್ನು ಬೈದುಕೊಳ್ಳಬೇಡಿ. ಅಣೆಕಟ್ಟಿನ ಗೇಟು ಎತ್ತುವವನು ನಾನು. ಬಹಳ ದಿನ ಮುಚ್ಚಿದ್ದ ಗೇಟು ಗುಂಡಿ ಒತ್ತಿದ ಕೂಡಲೇ ಏಳುವುದಿಲ್ಲ.

ತಿಂಗಳ ಮೊದಲ ಭಾನುವಾರ ಕಟ್ಟೆಯಲ್ಲಿ ಹೊಸಬರ ಕಾರ್ಡು ಓದುತ್ತಾರೆ. ಸೆಪ್ಟೆಂಬರ್ 7ರ ಭಾನುವಾರ ದಯವಿಟ್ಟು ಹಿತ್ತಲಿಗೆ ಹೋಗಬೇಡಿ. ರೇಡಿಯೋ ಹಾಕಿಕೊಂಡು ಕೂತಿರಿ. ಏಕೆ ಎಂದು ಕೇಳಬೇಡಿ. ಹಿರೇನಲ್ಲೂರಿನ ಕರಿಯಪ್ಪ, ಅಜ್ಜಂಪುರದ ಹೇಮಂತ್, ಬೀರೂರಿನ ಅಶ್ವಿನಿ, ಇವರೆಲ್ಲ ನನ್ನ ಹಾಗೆ ಕಟ್ಟೆಗೆ ಕಾರ್ಡು ಬರೆಯುವವರು. ಇಷ್ಟು ವರ್ಷದಲ್ಲಿ ಮೊದಲ ಸಲ ಎಲ್ಲರೂ ಫೋನಿನಲ್ಲಿ ಮಾತಾಡಿಕೊಂಡಿದ್ದೇವೆ. ಇಷ್ಟೇ ಹೇಳಬಲ್ಲೆ.

ತೀರ್ಥೇಶ್

*

ಶಿವನಿ
8 ಸೆಪ್ಟೆಂಬರ್ 2025

ತೀರ್ಥೇಶನಿಗೆ ಅಕ್ಕನ ಆಶೀರ್ವಾದ.

ನಿನ್ನೆ ಒಂಬತ್ತಕ್ಕೇ ಗಿರಣಿ ನಿಲ್ಲಿಸಿದೆ. ರಾಗಿ ತಂದವರು ಚೀಲ ಒರಗಿಸಿ ಕೂತರು. ರೇಡಿಯೋ ಹಾಕಿ ಅವರು ಕೂರುತ್ತಿದ್ದ ಬೆಂಚಿನ ಮೇಲೆ ಕೂತೆ. ನನ್ನ ಜನ್ಮದಲ್ಲಿ ನಾನು ಕೇಳಿದ ಮೊದಲ ‘ತಗಾದೆ ಕಟ್ಟೆ’ ಇದು.

ಮೊದಲ ಕಾರ್ಡು ತೆಗೆದು ವಿಶ್ವಾರಾಧ್ಯರು, “ಲಕ್ಕವಳ್ಳಿಯಿಂದ ಷಣ್ಮುಖಪ್ಪ” ಎಂದು ಓದಿದರು. ನಾನು ರೇಡಿಯೋದ ಹತ್ತಿರಕ್ಕೆ ಸರಿದು ಕೂತೆ. ಹೆಂಡತಿ ಮೀನು ತರಬೇಡ ಎಂದರೂ ತಂದವನ ಕಥೆ. ನಮ್ಮ ಮನೆಗೆ ಮೀನು ಬಂದದ್ದಿಲ್ಲವಪ್ಪ, ಆದರೂ ನಕ್ಕೆ. ಎರಡನೆಯದು, “ಹಿರೇನಲ್ಲೂರಿನಿಂದ ಷಣ್ಮುಖಪ್ಪ.” ನನ್ನ ತವರಿನಿಂದ. ಅವತ್ತು ತಡವಾಗಿ ಬಂದ ಊರಿನಿಂದ ಅವರ ಹೆಸರು ಕೇಳಿಸಿತು ನೋಡು, ಆಗಲೇ ನನಗೆ ತಡೆಯಲಾಗಲಿಲ್ಲ. ಮೂರನೆಯದು ಅಜ್ಜಂಪುರ, ನಾಲ್ಕನೆಯದು ಬೀರೂರು. ಆನಂದ್, “ಏನ್ ಸಾರ್, ಆ ಕಡೆ ಎಲ್ರಿಗೂ ಒಂದೇ ಹೆಸರಿಟ್ಬಿಟ್ಟವ್ರಾ?” ಎಂದರು. ನಮ್ಮ ಗಿರಣಿಯಲ್ಲಿ ಕೂತವರು ನಗುವುದೋ ಅಳುವುದೋ ತಿಳಿಯದೆ ನನ್ನ ಮುಖ ನೋಡುತ್ತಿದ್ದರು.

ನಿನಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಐದನೆಯ ಕಾರ್ಡು ನನ್ನದು. ಗೇಟಿನ ಮಾತು ನೀನು ಬರೆದ ಮೇಲೆ ಒಂದು ದಿನವೆಲ್ಲ ಯೋಚಿಸಿದೆ. ಅವರು ನನ್ನ ಹೆಸರಿನಲ್ಲಿ ಬರೆದರಲ್ಲ, ನಾನೂ ಅವರ ಹೆಸರಿನಲ್ಲಿ ಬರೆದರೇನು ಎಂದು ಕಾರ್ಡು ತಂದೆ. ಹೆಸರಿನ ಜಾಗ ಬಿಟ್ಟು ಮಿಕ್ಕದ್ದೆಲ್ಲ ಬರೆದೆ. ಹೆಸರು ಬರೆಯಲು ಎರಡು ದಿನ ಹಿಡಿಯಿತು. ನೀವೆಲ್ಲ ಸೇರಿ ಇಂಥದ್ದು ಮಾಡುತ್ತೀರೆಂದು ನನಗೆ ಗೊತ್ತಿರಲಿಲ್ಲ.

“ಶಿವನಿಯಿಂದ ಷಣ್ಮುಖಪ್ಪ” ಎಂದು ಓದಿದ ವಿಶ್ವಾರಾಧ್ಯರು, “ಕಡೂರಲ್ಲಿ ಅಮ್ಮ ಹೆಸರು ಹೇಳ್ಲಿಲ್ಲ. ಕೊನೆಗೆ ಯಜಮಾನ್ರೇ ಬಂದ್ಬಿಟ್ರು” ಎಂದರು. ಆಮೇಲೆ ನನ್ನ ಕಾರ್ಡು ಓದಿದರು. ‘ನನ್ನ ಹೆಂಡತಿ ಇಪ್ಪತ್ತಾರು ವರ್ಷ ಈ ಕಾರ್ಯಕ್ರಮ ಶುರುವಾದ ಕೂಡಲೇ ಎದ್ದು ಹಿತ್ತಲಿಗೆ ಹೋದಳು. ಅವಳಿಗೆ ಕೇಳಿಸಲಿ ಎಂದು ನಾನು ರೇಡಿಯೋದ ಸದ್ದು ಜಾಸ್ತಿ ಮಾಡಿದರೆ, ಅವಳು ಪಾತ್ರೆಯ ಸದ್ದು ಜಾಸ್ತಿ ಮಾಡಿದಳು. ತಪ್ಪು ಯಾರದು?’

ನಾಲ್ವರೂ ಜೋರಾಗಿ ವಾದಿಸಿದರು. ಇಬ್ಬರು ನನ್ನ ಪರ ಬಹಳ ಚೆನ್ನಾಗಿಯೇ ಮಾತಾಡಿದರು, ಗೆದ್ದುಬಿಡುತ್ತೇನೋ ಎಂದು ನನಗೆ ಭಯವಾಯಿತು. ವಿಶ್ವಾರಾಧ್ಯರು ಕೆಮ್ಮಿದರು. “ತಪ್ಪು ಹೆಂಡತಿದು. ಷಣ್ಮುಖಪ್ಪನವರಿಗೆ ನ್ಯಾಯ ಸಿಕ್ಕಿದೆ. ಇನ್ಮೇಲೆ ಪ್ರತಿ ಭಾನುವಾರ ಅಮ್ಮ ಯಜಮಾನ್ರ ಪಕ್ಕ ಕೂತು ಕೇಳತಕ್ಕದ್ದು” ಎಂದರು. ಪಾಪ, ಅವರಿಗೇನು ಗೊತ್ತು.

ನಿನಗೆ, ನಯನಳಿಗೆ, ಗುರುತಿಲ್ಲದೆಯೂ ಅವರ ಹೆಸರು ಹೊತ್ತುಕೊಂಡ ಆ ಮೂವರಿಗೆ ನಾನು ಯಾವ ಮಾತಿನಲ್ಲಿ ಶರಣು ಹೇಳಲಿ? ಬಾಳಿನಲ್ಲಿ ಇಷ್ಟು ತೃಪ್ತಿ ನನಗೆ ಆದದ್ದಿಲ್ಲ. ದಸರಾ ರಜೆಗೆ ಎಲ್ಲರೂ ಊಟಕ್ಕೆ ಬನ್ನಿ, ತನುಜಾಳೂ ಬಂದಿರುತ್ತಾಳೆ.

ರೇಡಿಯೋ ಆರಿಸಿದ ಮೇಲೆ ಜನ ಎದ್ದು ರಾಗಿ ಚೀಲ ಎತ್ತಿದರು. ನಾನು ಏಳಲಿಲ್ಲ. ಬೆಂಚಿನ ಪಕ್ಕದ ಖಾಲಿ ಜಾಗಕ್ಕೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿಯೇಬಿಟ್ಟೆ: “ಷಣ್ಮುಖಪ್ಪನೋರೆ, ಕೇಳಿಸ್ತಾ? ನೀವೇ ಗೆದ್ರಿ ಕಣ್ರೀ.”

ಇಂತಿ,
ಷಣ್ಮುಖಪ್ಪನವರ ಹೆಂಡತಿ
ಕಲ್ಲಮ್ಮ